ಖಾಲಿ ಕಳಿಸಬಾರದ ಡಬ್ಬಿ

ನನ್ನ ಸ್ವಭಾವವೇ ಅವಸರದ್ದು. ಸುರಪುರದ ಮನೆಯಲ್ಲಿ ಅವ್ವ, "ಇಕಿ ಕೂತಲ್ಲೆಲ್ಲ ಮುಳ್ಳ ಇರ್ತಾವ" ಎಂದು ಬೈಯುತ್ತಿದ್ದಳು. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆದ ಮೇಲೆ ಆ ಅವಸರಕ್ಕೆ ಸಂಬಳವೂ ಬರತೊಡಗಿತು. ಬೈಯುವವರು ಯಾರೂ ಉಳಿಯಲಿಲ್ಲ. ಅದೇ ಅವಸರ ಒಂದು ಶನಿವಾರ ಬೆಳಿಗ್ಗೆ, ಊರು ಕೇರಿ ಇಲ್ಲದ ಕಣಿವೆಯೊಂದರಲ್ಲಿ, ನನ್ನ ಗೆಳತಿಯ ಜೀವಕ್ಕೇ ಕುತ್ತು ತಂದಿತ್ತು.

ನಾವು ಹೋದವರು ನಾಲ್ಕೇ ಮಂದಿ. ಕಾರಿನ ಯಜಮಾನ ಯಾದಗಿರಿಯವನು, ಮಸ್ಕತ್ತಿನಲ್ಲಿ ಡ್ರೈವರ್ ಕೆಲಸ. ನಮಗೆಲ್ಲ ಅಣ್ಣ. ಅವನ ಹೆಂಡತಿ ನಮಗೆ ವೈನಿ, ಅಂದರೆ ಅತ್ತಿಗೆ. ಶಹಾಪುರದ ಗೆಳತಿ ಶಾಲೆಯೊಂದರಲ್ಲಿ ಟೀಚರ್, ನನ್ನ ಜೊತೆ ಒಂದೇ ರೂಮಿನಲ್ಲಿದ್ದವಳು. ಅಲ್ಲಿ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಊಟ ಮುಗಿಸಿ ಹೊರಟು, ಕೊನೆಯ ಒಂದು ತಾಸು ಬರೀ ಕಲ್ಲಿನ ಮೇಲೆ ಕುಕ್ಕುತ್ತ ಹೋಗಿ, ಬೆಟ್ಟಗಳ ನಡುವೆ ನೀರು ನಿಂತ ಜಾಗದಲ್ಲಿ ಟೆಂಟು ಹೊಡೆದೆವು. ನೀರು ಕಂಡದ್ದೇ ತಡ ಅಣ್ಣ, "ನಮ್ಮೂರ ಹತ್ತಿಕುಣಿ ಕೆರಿಗೇ ಬಂದಂಗಾತು ನೋಡ್ರಿ" ಎಂದು ಪ್ಯಾಂಟು ಮಡಚಿ ಇಳಿದುಬಿಟ್ಟ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅದೂ ಒಂದು ಸುಖ ಎಂದುಕೊಂಡೆವು.

ಸಂಜೆ ಆಡು ಕಾಯುವ ಮುದುಕನೊಬ್ಬ ಬಂದು ಮಾತಾಡಿಸಿ, ಅಲ್ಯೂಮಿನಿಯಂ ಡಬ್ಬಿಯಲ್ಲಿ ಹಾಲು ಕೊಟ್ಟುಹೋದ. ಬೆಳಿಗ್ಗೆ ಡಬ್ಬಿ ಒಯ್ಯುತ್ತೇನೆ ಎಂದ. ರಾತ್ರಿ ನಾವು ಮೂವರು ಕೋಳಿ ಸುಟ್ಟುಕೊಂಡು ತಿಂದೆವು. ಗೆಳತಿ ತನ್ನ ರೊಟ್ಟಿ ಬುತ್ತಿ ಬಿಚ್ಚಿಕೊಂಡು, ಕೋಳಿಯ ವಾಸನೆ ಬಾರದಂತೆ ಗಾಳಿಯ ಮೇಲ್ಗಡೆ ಕೂತಳು.

ಅವಳಿಗೆ ಹೈಸ್ಕೂಲಿನಿಂದಲೇ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಅದಕ್ಕಿಂತ ಹಳೆಯ ನೇಮ ಇನ್ನೊಂದಿತ್ತು. ಬಿಳಿ ಅರಿವೆಯಲ್ಲಿ ಸುತ್ತಿ ಶಿವದಾರಕ್ಕೆ ಕಟ್ಟಿದ ಇಷ್ಟಲಿಂಗ ಸದಾ ಅವಳ ಕೊರಳಲ್ಲಿ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವತನಕ ಬಾಯಿಗೆ ಹನಿ ನೀರೂ ಇಲ್ಲ. ದೇಶ ಬಿಟ್ಟು ಹೊರಡುವ ದಿನ ಅವಳ ಅವ್ವ ಇದೊಂದಕ್ಕೇ ಮಾತು ತೆಗೆದುಕೊಂಡಿದ್ದರಂತೆ. ಮೊದಲು ಪೂಜೆ, ಆಮೇಲೆ ಸೂಜಿ, ಆಮೇಲೆ ಊಟ. ಜ್ವರ ಬಂದು ಮಲಗಿದಾಗಲೂ ಈ ಕ್ರಮ ತಪ್ಪಿದ್ದನ್ನು ನಾನು ನೋಡಿಲ್ಲ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಳು. ಆಳದ ನೀರಿನಲ್ಲಿ ಕಳಚಿ ಹೋದೀತೆಂದು ಹೆದರಿ, ಎಂದೂ ತೆಗೆಯದ ಲಿಂಗವನ್ನು ತೆಗೆದು ಟೆಂಟಿನ ಕೊಂಡಿಗೆ ತೂಗುಹಾಕಿದ್ದಳು. ಬಿಸಿಲೇರುವುದರೊಳಗೆ ದಾರಿ ಹಿಡಿಯಬೇಕೆಂದು ನಾನು ಟೆಂಟು ಬಿಚ್ಚಲು ಹೊರಟೆ. ಲಿಂಗ ನೆಲಕ್ಕೆ ಬೀಳಬಾರದು. ಎಲ್ಲಿಡಲಿ? ಇದ್ದಬದ್ದ ಪಾತ್ರೆಗೆಲ್ಲ ರಾತ್ರಿಯ ಕೋಳಿ ಮುಟ್ಟಿತ್ತು. ತೊಳೆದು ಬೋರಲು ಹಾಕಿದ್ದ ಹಾಲಿನ ಡಬ್ಬಿಯೊಂದೇ ಮಡಿ. ಬೆರಳು ತಾಗದಂತೆ ದಾರ ಹಿಡಿದು, ಅರಿವೆ ಸಮೇತ ಅದರೊಳಗಿಟ್ಟೆ. ಬಹಳ ಜಾಣತನ ಮಾಡಿದೆ ಎಂದುಕೊಂಡೇ ಇಟ್ಟೆ. ಯಾರಿಗೂ ಹೇಳಲಿಲ್ಲ. ಐಸ್ ಪೆಟ್ಟಿಗೆಯಿಂದ ಇನ್ಸುಲಿನ್ ತರಲು ಕಾರಿನತ್ತ ಹೋದೆ.

ಗೆಳತಿ ಕೂದಲು ಒರೆಸುತ್ತ ಬಂದಳು. "ಮೊದ್ಲ ಚುಚ್ಚಿಕೊಂಡಬಿಡು, ಪೂಜಿ ಎಷ್ಟೊತ್ತಿಂದು? ಜಲ್ದಿ ಹೋಗೂಣು," ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ನರ್ಸಮ್ಮನ ಮಾತು ಎಂದು ಚುಚ್ಚಿಕೊಂಡಳು.

"ಲಿಂಗ ಎಲ್ಲದ?"

"ಹಾಲಿನ ಡಬ್ಬ್ಯಾಗ ಇಟ್ಟೀನಿ."

ಒಲೆಯ ಹತ್ತಿರವಿದ್ದ ವೈನಿ ತಿರುಗಿದಳು. "ಡಬ್ಬಿ ಆ ಮುತ್ಯಾ ಒಯ್ದನಲ್ಲs! ಖಾಲಿ ಡಬ್ಬಿ ಹ್ಯಾಂಗ ಕೊಡೋದು ಅಂತ ಕಟಕ ರೊಟ್ಟಿ ಮುರದು ತುಂಬಿ ಕೊಟ್ಟೆ. ತಳದಾಗ ಅರಿವಿ ಇತ್ತು, ಎತ್ತಿ ನೋಡ್ಲಿಲ್ಲ, ರೊಟ್ಟಿ ಮೆತ್ತಗಾಗಬಾರದಂತ ನೀನs ಹಾಸೀದಿ ಅಂದ್ಕೊಂಡ್ನಿ."

ಅವಳದೇನು ತಪ್ಪು? ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯನ್ನು ಅರಿವೆ ಹಾಸಿಯೇ ಇಡುತ್ತೇವೆ. ಆ ಕಣಿವೆಯಲ್ಲಿ ಬೇರೆ ಯಾವ ಊರಿನವರಿದ್ದರೂ ಈ ಅನಾಹುತ ಆಗುತ್ತಿರಲಿಲ್ಲ.

ಅಣ್ಣ ವೈನಿಯನ್ನು ಕೂರಿಸಿಕೊಂಡು, ಆಡಿನ ಹೆಜ್ಜೆ ಹೋದತ್ತ ಕಾರು ಓಡಿಸಿದ. ಧೂಳು ಅಡಗಿದ ಮೇಲೆ ನಾವಿಬ್ಬರೇ ಉಳಿದೆವು. ಒಂದು ಚೀಲ ರೊಟ್ಟಿ, ಒಂದು ಡಬ್ಬಿ ಸಕ್ಕರೆ ಮತ್ತು ಅವಳ ಮೈಯೊಳಗೆ ಕೆಲಸ ಶುರು ಮಾಡಿದ್ದ ಔಷಧಿ.

"ತಿನ್ನು," ಎಂದೆ.

"ಲಿಂಗ ಬರ್ಲಿ."

"ಸೂಜಿ ಮೈಯಾಗ ಹೋಗೇದ. ಅದು ನಿನ್ನ ಪೂಜಿಗಿ ಕಾಯಂಗಿಲ್ಲ."

"ಬರ್ಲಿ ಅಂದ್ನಲ್ಲ."

ಬೆರಳು ಚುಚ್ಚಿ ನೋಡಿದೆ, ರಕ್ತದ ಸಕ್ಕರೆ ಇಳಿಯತೊಡಗಿತ್ತು, ಎಪ್ಪತ್ತೆರಡು. ಸ್ವಲ್ಪ ಹೊತ್ತಿಗೆ ಐವತ್ತೆಂಟು. ಬಂಡೆಯ ನೆರಳಲ್ಲಿ ಕೂತಿದ್ದರೂ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು. ನಾನು ಕಾಲಿಗೆ ಬಿದ್ದೆ, ತಪ್ಪು ನನ್ನದು, ಪಾಪವೂ ನನಗೇ ಬರಲಿ ಎಂದೆ. ಅವಳು ಕೇಳಲಿಲ್ಲ. ಆಗ ಸಿಟ್ಟು ನೆತ್ತಿಗೇರಿತು. "ನೀ ಸತ್ತs ತೋರಸ್ಬೇಕೇನು ನಿನ್ನ ದೇವರಿಗಿ?" ಎಂದು ಕಿರುಚಿದೆ. ಅವಳು ಮೆಲ್ಲಗೆ, "ಮುಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ಒಂದು ಮಾತ ಹೇಳ್ಬೇಕಿತ್ತು," ಎಂದಳು. ಆಮೇಲೆ ಅವಳ ಮಾತು ತೊದಲತೊಡಗಿತು. ನನ್ನನ್ನು ಅವ್ವಾ ಎಂದು ಕರೆದು ಬಾಗಿಲು ಹಾಕು ಎಂದಳು. ಕಣ್ಣು ನನ್ನ ಮೇಲೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

ಬಾಯಿಗೆ ಸಕ್ಕರೆ ಹಾಕುವುದು ಎಷ್ಟೋ ರೋಗಿಗಳಿಗೆ ಮಾಡಿದ ಕೆಲಸ. ಆದರೂ ಅವತ್ತು ನನ್ನ ಕೈ ತಡೆಯಿತು. ಅವಳು ಬೇಡ ಎಂದಿದ್ದಳು, ಎಚ್ಚರವಿದ್ದಾಗಲೇ ಎಂದಿದ್ದಳು. ಕಾರಿನ ಸದ್ದು ಕೇಳೀತೇನೋ ಎಂದು ಕಿವಿಗೊಟ್ಟೆ. ಗಾಳಿ ಬಿಟ್ಟರೆ ಏನಿಲ್ಲ. ಅವಳ ಕತ್ತು ವಾಲಿತು. ನಾನು ಅವಳನ್ನು ಮಗ್ಗುಲಿಗೆ ಮಲಗಿಸಿ, ಸಕ್ಕರೆಯನ್ನು ನಾಲ್ಕು ಹನಿ ನೀರಿನಲ್ಲಿ ಕಲಸಿ, ಬೆರಳಿನಿಂದ ಅವಳ ಕೆನ್ನೆಯ ಒಳಗೆ, ಒಸಡಿಗೆ ತಿಕ್ಕಿದೆ. ಮತ್ತೆ ತಿಕ್ಕಿದೆ. ಅಳುತ್ತಲೇ ತಿಕ್ಕಿದೆ. ಹಿಂದೆಂದೂ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಅವಳು ಕಣ್ಣು ತೆರೆದು ನನ್ನ ಹೆಸರು ಹೇಳುವ ಹೊತ್ತಿಗೆ ಕಾರು ಬಂತು. ವೈನಿ ಡಬ್ಬಿಯನ್ನು ಎದೆಗವಚಿಕೊಂಡು ಇಳಿದಳು. ಮುದುಕನಿಗೆ ಸಂಗತಿ ತಿಳಿದದ್ದೇ ತಡ, ರೊಟ್ಟಿ ಮಾತ್ರ ತೆಗೆದುಕೊಂಡು ಅರಿವೆಯ ಗಂಟನ್ನು ಮುಟ್ಟದೆ ಹಾಗೇ ಕೊಟ್ಟನಂತೆ. ಡಬ್ಬಿಯನ್ನು ನೀವೇ ಇಟ್ಟುಕೊಳ್ಳಿ ಎಂದನಂತೆ.

ಗೆಳತಿ ಎದ್ದು ಕೂತಳು. ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮೊದಲು ನನ್ನನ್ನೇ ಕೇಳಿದಳು: "ನನ್ನ ಬಾಯಾಗ ಏನರ ಹಾಕಿದೇನು?"

ಅಣ್ಣ, ವೈನಿ ಇಬ್ಬರೂ ನನ್ನತ್ತ ನೋಡಿದರು. ಸಕ್ಕರೆ ಡಬ್ಬಿ ನನ್ನ ಬೆನ್ನ ಹಿಂದಿತ್ತು.

"ಇಲ್ಲ," ಎಂದೆ. "ಹನಿ ನೀರೂ ಹಾಕಿಲ್ಲ."

ಅವಳು ಪೂಜೆಗೆ ಕೂತಳು. ಆಮೇಲೆ ಮೂರು ರೊಟ್ಟಿ ತಿಂದಳು.

ಆ ವರ್ಷ ರಜೆಗೆ ಇಬ್ಬರೂ ಊರಿಗೆ ಬಂದಾಗ ಶಹಾಪುರಕ್ಕೆ ಅವಳ ಮನೆಗೆ ಹೋದೆ. ಅವಳ ಅವ್ವ ಚಹಾ ಕೊಟ್ಟು, ನೆರೆಯ ಇಬ್ಬರು ಹೆಂಗಸರನ್ನೂ ಕರೆದು ಕೂರಿಸಿದರು. "ಜೀವ ಹೋಗೂ ಹೊತ್ತಿನ್ಯಾಗೂ ನನ್ನ ಮಗಳು ಹನಿ ನೀರ ಮುಟ್ಟಿಲ್ಲ. ಇಕಿ ಮುಂದs ಇದ್ದಾಕಿ, ಕೇಳ್ರಿ," ಎಂದರು. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೌದ್ರಿ," ಎಂದೆ. ಗೆಳತಿ ತಲೆ ತಗ್ಗಿಸಿ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಬಸ್ ಸ್ಟ್ಯಾಂಡಿನತನಕ ಕಳಿಸಲು ಬಂದಳು. ಸುರಪುರದ ಬಸ್ಸು ಬಂದು ನಿಂತಿತು. ಚೀಲವನ್ನು ನನ್ನ ಕೈಗೆ ಕೊಡುತ್ತ, ಬಸ್ಸಿನ ಬಾಗಿಲ ಕಡೆ ನೋಡುತ್ತ ಹೇಳಿದಳು:

"ಅಷ್ಟ್ ಸಕ್ಕರಿ ಯಾಕ ಹಾಕಿದ್ದಿ? ಮಧ್ಯಾಹ್ನತನ ಬಾಯಿ ಸಿಹಿ ಇತ್ತು."