ಅಂಚಿಲ್ಲದ ಬುಟ್ಟಿ

ನೆನೆಹಾಕಿದ ಈಚಲಗರಿಯ ವಾಸನೆ ಮೂಗಿಗೆ ಬಿದ್ದರೆ ಚಿತ್ತಾಪುರದ ನಮ್ಮ ಮನೆಯ ಹಿತ್ತಲ ಪಡಸಾಲೆ ಕಣ್ಣಮುಂದೆ ಬರುತ್ತದೆ. ಶಹಾಬಾದಿನಲ್ಲಿ ತಂಗಿ ವಾರಿಜಾ ಬಾಡಿಗೆಗೆ ಹಿಡಿದಿದ್ದ ಹಳೆಯ ಕಲ್ಲಿನ ಗೋದಾಮಿಗೆ ಕಾಲಿಟ್ಟಾಗಲೂ ಹಾಗೇ ಆಯಿತು. ಅವಳು ಶಿಲ್ಪಿ, ಕಲ್ಲಿನ ಊರಲ್ಲಿ ಕೂತು ಗರಿ, ನಾರು, ತೊಗರಿ ಕಟ್ಟಿಗೆ ಹೆಣೆದು ಮೂರ್ತಿ ಮಾಡುತ್ತಿದ್ದಳು.

ಆ ಪಡಸಾಲೆಯ ಮೂಲೆ ತಿಂಗಳಿಗೆ ಮೂರು ದಿನ ಅವ್ವನದು. ಹೊರಗಾದವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅಜ್ಜಿ ದೂರದಿಂದಲೇ ಅನ್ನ ನೀಡುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥದೊಂದು ಮೂಲೆ ಇದ್ದಿರಬಹುದು. ಉಳಿದ ದಿನವೆಲ್ಲ ಮಡಿಯುಟ್ಟು ಒಲೆಯ ಮುಂದೆ ಬೇಯುವವಳಿಗೆ ಆಗಷ್ಟೇ ಕೈ ಬಿಡುವು. ಅದೂ ದೇವರ ದಯೆಯೇ. ತವರಾದ ದಂಡೋತಿಯ ಹೊಳೆದಂಡೆಯಲ್ಲಿ ಕಲಿತಂತೆ ಗರಿ ಸೀಳಿ, ತಣ್ಣನೆಯ ಫರಸಿಕಲ್ಲಿನ ನೆಲದ ಮೇಲೆ ಕಾಲು ಚಾಚಿ ಬುಟ್ಟಿ ಹೆಣೆಯುತ್ತ ಹಾಡುತ್ತಿದ್ದಳು. ನಾವಿಬ್ಬರೂ ಹೊಸ್ತಿಲ ಈಚೆ ಕೂತು ನೋಡುತ್ತಿದ್ದೆವು. ವಾರಿಜಾ ಅದನ್ನು ಅವ್ವನ ಸೂಟಿ, ಶಾಲೆಯ ರಜೆಯಂಥದು, ಎಂದೇ ತಿಳಿದಿದ್ದಳು. ಒಮ್ಮೆ ಪಂಕ್ತಿಯಲ್ಲಿ ಹತ್ತಾರು ಮಂದಿ ಉಣ್ಣುತ್ತಿದ್ದಾಗ, ಬಡಿಸುತ್ತಿದ್ದ ಅವ್ವನಿಗೆ ಬಾಗಿಲಿಂದ ಕೂಗಿ ಕೇಳಿದಳು:

"ಅವ್ವಾ, ಮತ್ತ ಯಾವಾಗ ಹೊರಗಾಗ್ತೀ? ನೀ ಹೊರಗಾದ್ರ ಭಾಳ ಚಲೋ ಇರ್ತದ."

"ಇದರ ಬಾಯಾಗ ಮಣ್ಣ ಹಾಕ್ರಿ ಯಾರರ," ಎಂದಳು ಅಜ್ಜಿ. ಅವ್ವ ತಲೆಯೆತ್ತದೆ ಮುಂದಿನ ಎಲೆಗೆ ಸಾರು ಬಡಿಸಿದಳು. ನನ್ನ ಕಿವಿಯ ಬಿಸಿ ಮದುವೆಯಾಗಿ ಮಕ್ಕಳಾದರೂ ಆರಲಿಲ್ಲ.

ವಾರಿಜಾಳ ಗೋದಾಮಿನಲ್ಲಿ ಆಳೆತ್ತರದ ಬುಟ್ಟಿ ನಿಂತಿತ್ತು, ಒಳಗೆ ಹೆಂಗಸೊಬ್ಬಳು ಕೂರುವಷ್ಟು ಜಾಗ. ಪಕ್ಕದ ಗೋಡೆಗೆ ತಂಗಿ ದೊಡ್ಡಕ್ಷರದಲ್ಲಿ 'ಅವ್ವ ಹೊರಗಾಗ್ಯಾಳ' ಎಂದು ಬರೆದಿದ್ದಳು.

"ನಾಳಿ ಪ್ರದರ್ಶನ ನೋಡಲಿಕ್ಕ ನಮ್ಮ ಅತ್ತಿಯವರೂ ಬರ್ತಾರ ವಾರಿಜಾ. ಅಳಿಸಿಬಿಡು."

"ಅದಿರಲಿ ಅಕ್ಕಾ. ಅವ್ವ ಅಂಚು ಹೆಂಗ ಕಟ್ಟತಿದ್ದಳು ಹೇಳು. ಎಷ್ಟ ನೆನಸಿದ್ರೂ ಬರವಲ್ದು."

ನನಗೆ ಬುಡ ನೆನಪಿತ್ತು, ಮೈ ನೆನಪಿತ್ತು. ಅಂಚು ಎಲ್ಲೂ ಸಿಗಲಿಲ್ಲ.

"ಆಕಿ ಅಂಚು ಕಟ್ಟೇ ಇಲ್ಲ, ವಾರಿಜಾ. ಅಷ್ಟರಾಗ ನಾಕನೇ ದಿನಾ ಬರ್ತಿತ್ತು."

ವಾರಿಜಾ ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟಳು. ಬುಟ್ಟಿಯ ಬಾಯಿ ಹಾಗೆಯೇ ಕೆದರಿಕೊಂಡು ಉಳಿಯಿತು, ಗೋಡೆಯ ಬರಹವೂ ಉಳಿಯಿತು.

ಮರುದಿನ ನಮ್ಮ ಅತ್ತೆ ಕನ್ನಡಕ ಮರೆತು ಬಂದರು. ದೇವರು ದೊಡ್ಡವನು ಎಂದುಕೊಳ್ಳುವಷ್ಟರಲ್ಲಿ, ಅಷ್ಟು ಜನರ ನಡುವೆ, "ಗ್ವಾಡಿ ಮ್ಯಾಲ ಏನ ಬರದಾಳ ನಿನ್ನ ತಂಗಿ, ಓದಿ ಹೇಳು," ಎಂದರು. ಓದಿದೆ. ಅತ್ತೆ ಬುಟ್ಟಿಯನ್ನು ಸುತ್ತುಹಾಕಿ ಬಂದು ನನ್ನ ಪಕ್ಕದಲ್ಲೇ ನಿಂತರು.

ಈಗ ಆ ಮನೆಯಿಲ್ಲ, ಅವ್ವನೂ ಇಲ್ಲ. ನನಗಿನ್ನೂ ನಾಚಿಕೆಯಾಗುತ್ತದೆ, ಆ ಬರಹಕ್ಕಲ್ಲ. ಮೈಲಿಗೆಯಲ್ಲಿ ಹೆಣೆದದ್ದು ಮನೆಯೊಳಗೆ ಬರಬಾರದೆಂದು ಅವ್ವ ನಾಲ್ಕನೆಯ ದಿನ ನಸುಕಿನಲ್ಲಿ ಆ ಅರೆಬುಟ್ಟಿಗಳನ್ನು ತಾನೇ ಬಚ್ಚಲ ಒಲೆಗೆ ತುರುಕುತ್ತಿದ್ದಳು. ಆ ಉರಿಗೆ ಕಾದ ಹಂಡೆಯ ನೀರನ್ನೇ ನಾವೆಲ್ಲ ಮೈಮೇಲೆ ಸುರಿದುಕೊಂಡು, ಶುದ್ಧರಾದೆವೆಂದು ದೇವರ ಮುಂದೆ ಹೋಗಿ ನಿಲ್ಲುತ್ತಿದ್ದೆವು.