ಓಣಿಯಲ್ಲಿ ಆರಿಹೋದ ಹಾಸು

ನವನಗರದ ಈ ಮನೆಯಲ್ಲಿ ಅನ್ನ ಬಸಿದ ಗಂಜಿ ಉಳಿದು ಹುಳಿ ವಾಸನೆ ಹೊಡೆದರೆ ಸೊಸೆ ಮೂಗು ಮುಚ್ಚಿಕೊಳ್ಳುತ್ತಾಳೆ. ನಾನು ಪಾತ್ರೆಯ ಮೇಲೆ ಬಗ್ಗಿ ನಿಲ್ಲುತ್ತೇನೆ. "ಅತ್ತಿ, ಏನ್ ಮೂಸಿ ನೋಡ್ತೀರಿ ಅದನ್ನ?" ಎಂದು ನಗುತ್ತಾಳೆ. ನಗಲಿ ಬಿಡಿ. ಅವಳಿಗೆ ಅದು ಕೆಟ್ಟ ಗಂಜಿ, ನನಗೆ ಇಳಕಲ್ಲಿನ ನಮ್ಮ ಓಣಿಯ ಬೆಳಗು. ನಮ್ಮದು ಕೈಮಗ್ಗದ ಮನೆ. ಸೀರೆಯ ಉದ್ದದ ಎಳೆಗಳಿಗೆ ನಾವು ಹಾಸು ಎನ್ನುತ್ತಿದ್ದೆವು. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು, ಹಸಿ ಇರುವಾಗಲೇ ಬ್ರಷ್ಷಿನಿಂದ ತಿಕ್ಕಿ ಎಳೆ ಎಳೆ ಬಿಡಿಸಬೇಕು. ಬಿಸಿಲು ಏರುವುದರೊಳಗೆ ಮುಗಿಯದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಎಲ್ಲ ಹಾಳು. ಒಂದೇ ಮನೆಯವರಿಂದ ಆಗುವ ಕೆಲಸವಲ್ಲ ಅದು, ಓಣಿಯೇ ಬರುತ್ತಿತ್ತು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ಕರೆಯುವುದೆಂದರೆ ಅವಮಾನ. ಹಸಿ ಹಾಸು ಕಣ್ಣಿಗೆ ಬಿದ್ದರೆ ಸಾಕು, ಎದುರುಮನೆಯ ಶಂಕ್ರಪ್ಪ ಕಾಕಾ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಬಂದು ಬ್ರಷ್ ಹಿಡಿಯುತ್ತಿದ್ದ. ಮದುವೆಯ ಮೆರವಣಿಗೆ ಬಂದರೂ ಹಾಸು ದಾಟದೆ ಸುತ್ತು ಹಾಕಿ ಹೋಗುತ್ತಿತ್ತು.

ಆಮೇಲೆ ಓಣಿಯ ತುದಿಯಲ್ಲಿ ತಗಡಿನ ಷೆಡ್ ಎದ್ದಿತು, ಅದರೊಳಗೆ ಕರೆಂಟಿನ ಮಗ್ಗಗಳು ಬಂದವು. ಒಬ್ಬ ನಿಂತು ನೋಡಿಕೊಂಡರೆ ಸಾಕು, ನಾಲ್ಕು ಮನೆಯ ಕೆಲಸ ಆಗಿಬಿಡುತ್ತಿತ್ತು. ಸಾವುಕಾರರು ಕೈಮಗ್ಗದವರಿಗೆ ನೂಲು ಕೊಡುವುದನ್ನು ಕಡಿಮೆ ಮಾಡಿದರು. ಕೆಲವರು ಕಲ್ಲಿನ ಕ್ವಾರಿಗೆ ಹೋದರು. ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು ಮಾತಾಡುವ ದನಿಯೇ ಬೇರೆಯಾಯಿತು. ನಾವು ಮಕ್ಕಳು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಅಲ್ಲೇ ಶಂಕ್ರಪ್ಪ ಕಾಕಾ ಎಲ್ಲರ ಕೈ ಹಿಡಿದು ಮಾತು ತಗೊಂಡ, ಷೆಡ್ಡಿಗೆ ಹೋದವರ ಹಾಸನ್ನು ಓಣಿಯಲ್ಲಿ ಯಾರೂ ಮುಟ್ಟಬಾರದು ಎಂದು. ಅಪ್ಪನೂ ಮಾತು ಕೊಟ್ಟಿದ್ದ. ಎರಡು ತಿಂಗಳು ಮಗ್ಗ ಖಾಲಿ ಉಳಿದ ಮೇಲೆ ಷೆಡ್ಡಿಗೆ ಹೋದ ಮೊದಲಿಗನೂ ಅಪ್ಪನೇ. ನನಗೆ ಇವತ್ತಿಗೂ ಇಬ್ಬರ ಮೇಲೂ ಸಿಟ್ಟಿದೆ, ಇಬ್ಬರನ್ನೂ ಬೈಯಲು ಬಾಯಿ ಬರುವುದಿಲ್ಲ.

ಆದರೆ ಅವ್ವ ಮನೆಯ ಮಗ್ಗ ಬಿಟ್ಟಿರಲಿಲ್ಲ. ಹೇಗೋ ಒಂದು ಸೀರೆಯ ನೂಲು ಹೊಂದಿಸಿಕೊಂಡಳು. ಓಣಿಯ ಸಿಟ್ಟು ಗಂಡನ ಮೇಲೆ, ತನ್ನ ಮೇಲೆ ಯಾಕಿರುತ್ತದೆ ಎಂಬುದು ಅವಳ ಲೆಕ್ಕ. ಬೆಳಗಾಗುತ್ತಲೇ ಹಾಸು ಕಟ್ಟಿ, ಎಂದಿನಂತೆ ಯಾರಿಗೂ ಹೇಳದೆ ಗಂಜಿ ಬಳಿದುಬಿಟ್ಟಳು. ಬಾಗಿಲುಗಳು ತೆರೆದವು. ಜನ ಕಟ್ಟೆಗೆ ಬಂದರು, ನಿಂತರು, ಇಳಿಯಲಿಲ್ಲ. ಅವ್ವ ಒಂದು ತುದಿಯಿಂದ, ಅಪ್ಪ ಇನ್ನೊಂದು ತುದಿಯಿಂದ ತಿಕ್ಕತೊಡಗಿದರು. ನಾನು ಸಿಕ್ಕ ಕಡೆ ಬೆರಳು ಹಾಕಿ ಎಳೆ ಬಿಡಿಸುತ್ತಿದ್ದೆ. ಬಿಸಿಲು ಗೋಡೆಯಿಂದ ಇಳಿದು ಹಾಸಿನ ಹತ್ತಿರ ಬರುವುದನ್ನು ಇಡೀ ಓಣಿ ನೋಡುತ್ತಿತ್ತು. ಕಾಕಾನ ಹೆಂಡತಿ ಗಂಗಕ್ಕ ಒಂದು ಮೆಟ್ಟಿಲು ಇಳಿದಳು. "ಒಳಗ ನಡಿ" ಎಂದ ಕಾಕಾ. ಅವಳು ಒಳಗೆ ಹೋದಳು.

ಆಗ ಅಪ್ಪ ಕರೆದ. ನಮ್ಮ ಓಣಿಯಲ್ಲಿ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅಣ್ಣಾ, ಒಂದ್ ಕೈ ಹಚ್ಚು ಬಾ. ಆರಾಕತ್ತೈತಿ."

"ನಿನಗ ಈಗ ಮಷಿನ್ ಐತಲ್ಲೋ. ಅದನ್ನ ಕರಿ" ಎಂದ ಕಾಕಾ. ಯಾರೋ ನಕ್ಕರು. ಆ ನಗುವಿನ ಜೋರಿನಲ್ಲೇ ಕಾಕಾನ ಅಳಿಯ ಸೈಕಲ್ ಹತ್ತಿ ನೆಟ್ಟಗೆ ಹಾಸಿನ ಮೇಲೆ ನುಗ್ಗಿಸಿದ. ಎಳೆಗಳು ಪಟಪಟನೆ ಹರಿದವು. ಅಪ್ಪ ಹಾಸು ಕಟ್ಟಿದ್ದ ಗಳವನ್ನು ಕಿತ್ತು ಎತ್ತಿದ. ಕಟ್ಟೆಗಳ ಮೇಲಿದ್ದವರೆಲ್ಲ ಒಮ್ಮೆಲೇ ಕೆಳಗಿಳಿದರು. ಒಬ್ಬನ ಕೈಯಲ್ಲಿ ಕಲ್ಲಿತ್ತು. ಆ ಕ್ಷಣ ಅಪ್ಪ ಸತ್ತೇಹೋಗುತ್ತಾನೆ ಎಂದೇ ನನಗನಿಸಿತ್ತು.

ಅವ್ವ ಒಳಗೆ ಓಡಿ ಕುಡುಗೋಲು ತಂದಳು. ಎಲ್ಲರೂ ಹಿಂದೆ ಸರಿದರು. ಅವಳು ಯಾರ ಮುಖವನ್ನೂ ನೋಡದೆ ಹಾಸನ್ನು ನಡುವೆ ಕತ್ತರಿಸಿ ಹಾಕಿದಳು. "ಗಳಾ ಇಡ್ರಿ ಕೆಳಗ" ಎಂದಳು ಅಪ್ಪನಿಗೆ. "ನಾಳಿನೂ ಇದ ಓಣ್ಯಾಗ ಬಾಳೇವು ಮಾಡಬೇಕು." ಅಪ್ಪ ಗಳ ಕೆಳಗಿಟ್ಟ. ಆಮೇಲೆ ಸ್ವಲ್ಪ ದಿನಕ್ಕೆ ನಮ್ಮ ಓಣಿಯಲ್ಲಿ ಹಾಸು ಬಿಗಿಯುವುದೇ ನಿಂತಿತು. ನಮ್ಮದು ಹೋದದ್ದು ಸಿಟ್ಟಿಗೆ, ಉಳಿದವರದು ಒಂದೊಂದಾಗಿ ನೂಲಿಲ್ಲದೆ. ನಿಮ್ಮ ಓಣಿಯಲ್ಲೂ ಹೀಗೆ ಏನೋ ಒಂದು ನಿಂತುಹೋಗಿರಬಹುದು.

ಮುಂದಿನ ವರ್ಷ ಶಂಕ್ರಪ್ಪ ಕಾಕಾನೂ ಷೆಡ್ಡಿಗೆ ಬಂದ. ಅಪ್ಪನ ಪಕ್ಕದ ಮಗ್ಗವೇ ಸಿಕ್ಕಿತು. ಇಬ್ಬರೂ ಮಾತಾಡುತ್ತಿರಲಿಲ್ಲ. ಅವ್ವ ಕೇಳಿದರೆ, "ಆ ಸಪ್ಪಳದಾಗ ಏನ್ ಮಾತಾಡೂದು?" ಎನ್ನುತ್ತಿದ್ದ ಅಪ್ಪ. ಒಂದು ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ಕರೆಂಟ್ ಹೋಯಿತು. ಮಗ್ಗಗಳೆಲ್ಲ ನಿಂತವು. ಕಿವಿ ಗುಂಯ್ ಎನ್ನುವಷ್ಟು ಮೌನ. ಈಗ ಮಾತಾಡುತ್ತಾರೆ ಎಂದು ನಾನು ಉಸಿರು ಹಿಡಿದು ಕೂತೆ. ಅಪ್ಪ ರೊಟ್ಟಿಯನ್ನು ಅರ್ಧ ಮುರಿದ, ಕಾಕಾನ ಕಡೆ ಕೈ ಚಾಚಲಿಲ್ಲ. ಕಾಕಾ ನೆಲ ನೋಡುತ್ತಿದ್ದ. ಬಹಳ ಹೊತ್ತಿನ ಮೇಲೆ ಕರೆಂಟ್ ಬಂತು, ಮಗ್ಗಗಳು ಬಡಿಯತೊಡಗಿದವು. ಆಗ ಇಬ್ಬರ ಮುಖದಲ್ಲೂ ಒಂದೇ ಸಲ ನಿರಾಳ ಕಂಡೆ.