ಸುಣ್ಣದ ಹೆಬ್ಬೆರಳು

ಈಶಾನ್ಯದ ಗುಡ್ಡದೂರು ಮೌಲಾಯಿಯಲ್ಲಿ ತವರು ಎಂಬುದು ಇರುವುದು ಗಂಡಸಿಗೆ. ಮದುವೆಯಾದ ಮೇಲೆ ಬಟ್ಟೆಬರೆ ಕಟ್ಟಿಕೊಂಡು ಹೆಂಡತಿಯ ಮನೆಗೆ ಹೋಗುವವನು ಅವನೇ; ತಾಯಿಯ ಮನೆ ಕೊನೆಯ ಮಗಳ ಪಾಲು. ರಿಶೋತನೂ ಹಾಗೆಯೇ ಹೋದವನು. ತಂಗಿ ಥೈಲಿನಳ ಮನೆಯಲ್ಲಿ ಅವನು ಹಿರಿಯ ಸೋದರಮಾವ, ಅವನ ಮಾತಿಗೆ ಬೆಲೆಯುಂಟು. ಹೆಂಡತಿ ಡಾರಿಮೋನಳ ಮನೆಯಲ್ಲಿ ಗೌರವದ ಅಳಿಯ, ಅವನ ತಟ್ಟೆಗೆ ಮೊದಲ ತುಂಡು ಮಾಂಸವುಂಟು. ಎರಡೂ ಕಡೆ ಊಟಕ್ಕೆ ಕೊರತೆಯಿಲ್ಲ. ಆದರೆ ಗೋಡೆಯ ಒಂದು ಮೊಳೆಯನ್ನೂ ನನ್ನದು ಎನ್ನುವಂತಿಲ್ಲ.

ಅವನಿಗೆ ಅದರ ಕೊರಗೇನೂ ಇರಲಿಲ್ಲ. ಹರೆಯದಲ್ಲಿ ಬೀದಿಯ ವಾದ್ಯತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ. ಆ ಗಿಟಾರ್ ಕೂಡ ಗೆಳೆಯನದ್ದೇ. ಗೆಳೆಯ ಗುವಾಹಟಿಗೆ ಹೋದ, ಗಿಟಾರೂ ಅವನ ಹಿಂದೆ ಹೋಯಿತು. ಅಂದಿನಿಂದ ರಿಶೋತ ಓಡಿಸುವುದು ಕಪ್ಪು ಹಳದಿ ಟ್ಯಾಕ್ಸಿ. ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿ ನಿಂತಾಗ ಅವನ ಬೆರಳುಗಳು ಸ್ಟಿಯರಿಂಗಿನ ಮೇಲೆ ಯಾವುದೋ ಹಳೆಯ ರಾಗ ಹುಡುಕುತ್ತಿದ್ದವು. ಮುಂದಿನ ಗಾಡಿ ಹೋಗಿ ಎಷ್ಟೋ ಹೊತ್ತಾದರೂ ಗೊತ್ತಾಗುತ್ತಿರಲಿಲ್ಲ. ಹಿಂದೆ ಒತ್ತಿಕೊಂಡು ಕೂತ ಸಂತೆಯ ಹೆಂಗಸರು, ಹಾಡು ಮುಗಿದಿದ್ದರೆ ಗಾಡಿ ಬಿಡಪ್ಪ ಎಂದು ರೇಗಿಸುತ್ತಿದ್ದರು.

ತಾಯಿಮನೆಯ ಅಂಗಳದಲ್ಲಿ ಒಂದು ಚೆರ್ರಿ ಮರವಿತ್ತು, ಅಮ್ಮ ನೆಟ್ಟದ್ದು. ಅಮ್ಮ ತೀರಿಕೊಂಡು, ಇಲ್ಲಿಯವರ ಮಾತಿನಲ್ಲಿ ದೇವರ ಅಂಗಳಕ್ಕೆ ಅಡಿಕೆ ತಿನ್ನಲು ಹೋದ ಮರುವರ್ಷ ಅದು ಗಾಳಿಗೆ ಬಿತ್ತು. ಕಾಂಡವನ್ನು ಸೌದೆ ಮಾಡಲು ರಿಶೋತನಿಗೆ ಮನಸ್ಸಾಗಲಿಲ್ಲ. ಗಿಟಾರ್ ಮಾಡುತ್ತೇನೆ ಎಂದಾಗ ಥೈಲಿನ್ ಒಪ್ಪಿದಳು. ಆದರೆ ಅಮ್ಮನ ಮರದ್ದು ಅಮ್ಮನ ಮನೆಗೇ ಬರಬೇಕು ಎಂದಳು. ರಿಶೋತ ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಉಸಿರಾಡಿದಷ್ಟೇ ಸುಲಭ.

ಕಾಂಡ ಸೀಳಿಸಿದ ಹಲಗೆ ಎರಡು ಚಳಿಗಾಲ ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಪಕ್ಕದಲ್ಲಿ ಮಲಗಿ ಒಣಗಿತು. ಅಷ್ಟರಲ್ಲಿ ಅವನ ಮನಸ್ಸಿನಲ್ಲಿ ಆ ಗಿಟಾರ್ ಮಗಳು ಲಾರಿಶಾಳ ಹೆಗಲೇರಿಬಿಟ್ಟಿತ್ತು. ಲಾರಿಶಾಳೂ ಚರ್ಚಿನ ಸಭಾಂಗಣದಲ್ಲಿ ನುಡಿಸುವುದು ಎರವಲು ಗಿಟಾರನ್ನೇ. ಅಪ್ಪನ ಹಣೆಬರಹ ಮಗಳಿಗೂ ಬೇಡವೆಂದು ಅವನ ಆಸೆ. ಮಕ್ಕಳು ತಾಯಿಯ ಕುಲದವರು. ಮಗಳಿಗೆ ಕೊಟ್ಟರೆ ಅಮ್ಮನ ಮರ ಬೇರೆ ಕುಲದ ಮನೆ ಸೇರಿದಂತೆ. ಹಿರಿಯರ ಕಟ್ಟಳೆ ನೇರವಾಗಿದೆ: ಮದುವೆಗೆ ಮುಂಚಿನ ದುಡಿಮೆ ತಾಯಿಮನೆಗೆ, ಆಮೇಲಿನದು ಹೆಂಡತಿ ಮಕ್ಕಳಿಗೆ. ಆದರೆ ಮರ ತಾಯಿಮನೆಯದು, ಬೆವರು ಮದುವೆಯ ನಂತರದ್ದು ಎಂದಾದರೆ? ಅದಕ್ಕೆ ಹಿರಿಯರು ಏನೂ ಹೇಳಿರಲಿಲ್ಲ. ಕೊಟ್ಟರೆ ತಂಗಿಯ ಮುಖ ನೋಡುವಂತಿಲ್ಲ, ಕೊಡದಿದ್ದರೆ ಮಗಳ ಮುಖ ನೋಡುವಂತಿಲ್ಲ. ಈ ಸಂಕಟವನ್ನು ಅವನು ಯಾರಿಗೂ ಹೇಳಲಿಲ್ಲ.

ಮಳೆ ಹಿಂದೆಗೆದ ಮೇಲೆ ಒಂದು ಶನಿವಾರ ಹೆಂಡತಿಯ ಮನೆಯ ಜಗುಲಿಯಲ್ಲಿ ಕೂತು, ಆ ಹಲಗೆಯಿಂದ ಕೊರೆದ ಗಿಟಾರಿನ ಒಡಲನ್ನು ಉಜ್ಜತೊಡಗಿದ. ಮರದ ಎಳೆಗಳ ಜಾಡು ಹಿಡಿದು ಪಾಲಿಶ್ ಕಾಗದ ಹೋಗಿ ಬರುತ್ತಿತ್ತು, ಮನಸ್ಸು ಎಲ್ಲೋ ಹೋಗುತ್ತಿತ್ತು. ಹೂವುದುರುವ ತಿಂಗಳು, ಅಮ್ಮ ಮರದ ಕೆಳಗೆ ನಿಂತಿದ್ದಾಳೆ, ಅವಳ ಸೆರಗಿನ ತುಂಬ ಗುಲಾಬಿ ಎಸಳು, ಕೊಡವಿಕೊಳ್ಳಲು ಅವಳಿಗೆ ಮನಸ್ಸಿಲ್ಲ. ಕಣ್ಣು ಬಿಟ್ಟರೆ ತೊಡೆಯ ಮೇಲೆ ಅದೇ ಗುಲಾಬಿ ಬಣ್ಣದ ಪುಡಿ. ಮರ ತೊಳೆದ ಅಂಗೈಯಂತೆ ಕಾಣುತ್ತಿತ್ತು. ಮಲಗಿದ್ದ ನಾರು ಎದ್ದು ಕಾಣಲೆಂದು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟ. ಆರಿದ ಮೇಲೆ ಇನ್ನೊಮ್ಮೆ ಉಜ್ಜಿ, ಪೇಟೆಯಿಂದ ತಂದ ಕೆಂಪು ಬಣ್ಣ ಕುಡಿಸುವುದೆಂದು ಅವನ ಎಣಿಕೆ.

ಆ ಹೊತ್ತಿಗೇ ಥೈಲಿನ್ ಬಂದಳು. ಬಂದವರಿಗೆ ಅಡಿಕೆ ಕೊಡದೆ ಮಾತಾಡಿಸುವ ಮನೆ ಇಲ್ಲಿಲ್ಲ. ಡಾರಿಮೋನ್ ಹಸಿ ಅಡಿಕೆಯ ಹೋಳು, ಎಲೆ, ಸುಣ್ಣದ ಡಬ್ಬಿ ತಂದಿಟ್ಟಳು. ಥೈಲಿನ್ ಹೆಬ್ಬೆರಳಿನಿಂದ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಂಡು, ಅದೇ ಬೆರಳಿನಿಂದ ಒದ್ದೆ ಮರವನ್ನು ನಿಧಾನವಾಗಿ ಸವರಿದಳು.

"ಅಮ್ಮನ ಕೆನ್ನೆ ಮುಟ್ಟಿದ ಹಾಗಾಯ್ತು ನೋಡು, ಅಣ್ಣ" ಎಂದಳು.

ಚಹಾ ಕುದಿಯುವಷ್ಟರಲ್ಲಿ ಅವಳ ಬೆರಳಿನ ಸುಣ್ಣ ತಾಗಿದ ಕಡೆ ಒಂದು ಕಂದು ಗೆರೆ ಎದ್ದಿತು. ರಿಶೋತ ಒರೆಸಿದ, ಹೋಗಲಿಲ್ಲ. ಉಜ್ಜಿದ, ಅದು ಇನ್ನೂ ಒಳಗಿತ್ತು. ಥೈಲಿನ್ ತನ್ನ ಬೆರಳನ್ನೇ ನೋಡಿಕೊಂಡಳು. ಅವನು ಒಂದು ಮಾತಾಡಿದ್ದರೂ ಸಾಕಿತ್ತು, ಆಡಲಿಲ್ಲ. ಅವಳು ಚಹಾ ಕುಡಿಯದೆ ಎದ್ದು ಹೋದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ಸುಣ್ಣಕ್ಕೆ.

ಅಣ್ಣನಿಗೆ ಸಿಟ್ಟು ಬಂದಿದೆ ಎಂದುಕೊಂಡೇ ಅವಳು ಹೋದದ್ದು. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಗಿತ್ತು. ಕೆನ್ನೆ ಎಂದವಳ ಎದುರು, ಇದನ್ನು ನಿನ್ನ ಮನೆಗೆ ತರುವುದಿಲ್ಲ ಎನ್ನುವ ಬಾಯಿ ಅವನಿಗಿರಲಿಲ್ಲ.

ಸಂಜೆ ಲಾರಿಶಾ ಬಂದು ಗೆರೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿದಳು. "ಅಪ್ಪಾ, ಈ ಕೆಂಪು ಬಣ್ಣ ಬೇಡ. ಇದೇ ಚೆನ್ನಾಗಿದೆ" ಎಂದಳು.

ಮಗಳ ಮಾತು ರಿಶೋತನ ತಲೆಯಲ್ಲಿ ರಾಗದಂತೆ ಸುತ್ತಿತು. ಮರುದಿನ ಪ್ರಾರ್ಥನೆ ಮುಗಿಸಿ ಬಂದವನು ಹೆಂಡತಿಯ ಸುಣ್ಣದ ಡಬ್ಬಿ ಕೇಳಿದ. ನೀರಿಗೆ ಕಲಸಿ ಮೊದಲು ಒಂದು ಚೂರು ಮರಕ್ಕೆ ಬಳಿದು ನೋಡಿದ, ಆಮೇಲೆ ಇಡೀ ಒಡಲಿಗೆ ಬಳಿದ. ಗಿಟಾರ್ ಬಿಳಿ ಬಳಿದ ಗೋಡೆಯಂತೆ ಕೂತಿತ್ತು. ಡಾರಿಮೋನ್ ಕಂಡು, ಗಂಡನಿಗೆ ಏನೋ ಆಗಿದೆ ಎಂದು ಒಳಗೆ ಹೋದಳು. ತೊಳೆದು ಒರೆಸಿದಾಗ ಕೆಳಗಿನಿಂದ ಹಾಲಿಲ್ಲದ ಗಟ್ಟಿ ಚಹಾದ ಬಣ್ಣ ಮೂಡಿಬಂತು. ಒಣಗಿದ ಮೇಲೆ ಬಟ್ಟೆಯ ಉಂಡೆಯಲ್ಲಿ ಅರಗಿನ ಪಾಲಿಶ್ ಅದ್ದಿ ತೆಳುವಾಗಿ ಸವರಿದ. ಬಿಸಿಲಿದ್ದಾಗ ಮಾತ್ರ ಸವರುವುದು, ಮಂಜು ಇಳಿದರೆ ಮುಚ್ಚಿಡುವುದು, ಪಾಲಿಶಿಗೆ ಬಿಳಿ ಪೊರೆ ಬಾರದಂತೆ. ಹೀಗೆ ಆ ತಿಂಗಳು ಕಳೆಯಿತು. ಅವನು ಅಷ್ಟು ಸುಖವಾಗಿದ್ದದ್ದನ್ನು ಮನೆಯವರು ಕಂಡಿರಲಿಲ್ಲ.

ಹಳೆಯ ಗಿಟಾರೊಂದರ ಕತ್ತು, ತಂತಿ ಎಲ್ಲ ಜೋಡಿಸಿ ಮುಗಿದ ದಿನ ತಾನೇ ಟ್ಯಾಕ್ಸಿಯಲ್ಲಿ ಹೋಗಿ ಥೈಲಿನಳನ್ನು ಕರೆತಂದ. ಜಗುಲಿಯಲ್ಲಿ ಅವಳು ಗಿಟಾರನ್ನು ತಿರುಗಿಸಿ ಮಗುಚಿ ಹುಡುಕಿದಳು.

"ನನ್ನ ಬೆರಳು ಎಲ್ಲಿ ಹೋಯ್ತು?"

"ಎಲ್ಲಾ ಕಡೆ ಅದೇ ಇರೋದು, ಸುಣ್ಣದ್ದೇ ಬಣ್ಣ" ಎಂದ ರಿಶೋತ. ಆಮೇಲೆ ನೆಲ ನೋಡುತ್ತ ಹೇಳಿಬಿಟ್ಟ: "ಥೈಲಿನ್, ಇದನ್ನ ಮಾಡಿದ್ದು ಲಾರಿಶಾಗೆ ಅಂತ. ನಿಂಗೆ ಹೇಳೋ ಧೈರ್ಯ ಬರಲಿಲ್ಲ."

ಲಾರಿಶಾ ಬಾಗಿಲಲ್ಲೇ ನಿಂತುಬಿಟ್ಟಳು. ಥೈಲಿನ್ ಗಿಟಾರಿನ ಬಣ್ಣವನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಕೊನೆಗೆ ಸುಣ್ಣ ಯಾರ ಮನೆಯದು ಎಂದು ಕೇಳಿದಳು. ನಮ್ಮ ಮನೆಯದೇ ಎಂದಳು ಡಾರಿಮೋನ್.

"ಮರ ನಮ್ಮದು, ಬಣ್ಣ ನಿಮ್ಮದು" ಎಂದಳು ಥೈಲಿನ್. "ಬಣ್ಣ ನಿಮಗೆ ಬಿಟ್ಟು ಮರ ಮಾತ್ರ ಹೊತ್ಕೊಂಡು ಹೋಗೋಕಾಗತ್ತಾ? ಇರಲಿ ಇಲ್ಲೇ. ಹೂ ಬಿಡೋ ತಿಂಗಳಲ್ಲಿ ಒಂದ್ಸಲ ಅಮ್ಮನ ಅಂಗಳಕ್ಕೆ ತಂದು ನುಡಿಸು, ಮಗಳೇ."

ಲಾರಿಶಾ ಬಂದು ಅತ್ತೆಯ ಕೈ ಹಿಡಿದುಕೊಂಡಳು. ಥೈಲಿನ್ ಅಣ್ಣನ ಕಡೆ ತಿರುಗಿ, "ಎರಡು ಮನೆಗೂ ಹಂಚಿ ಆಯ್ತು. ನಿಂಗೇನು ಉಳೀತು?" ಎಂದಳು.

ಲಾರಿಶಾ ಗಿಟಾರನ್ನು ಎತ್ತಿ ಅಪ್ಪನ ತೊಡೆಯ ಮೇಲಿಟ್ಟಳು. "ಮೊದಲು ನೀನು" ಎಂದಳು. ಅವನು ಅದನ್ನು ತಬ್ಬಿ ತಂತಿಗಳ ಶ್ರುತಿ ಸರಿಮಾಡುತ್ತ ಕೂತ. ಕಣ್ಣು ತುಂಬಿಕೊಂಡಿತ್ತು. ಅಣ್ಣನಿಗೆ ಹಾಡು ಬರುವಷ್ಟರಲ್ಲಿ ಮರವೇ ಚಿಗುರೀತು ಎಂದು ಥೈಲಿನ್ ಗೊಣಗಿದಳು.

ಆಮೇಲೆ ಅವನು ನುಡಿಸಿದ. ಓರೆ ಬಿಸಿಲಿನಲ್ಲಿ, ಒಡಲಿನ ಮೇಲಂಚಿನಲ್ಲಿ ಉಳಿದ ಬಣ್ಣಕ್ಕಿಂತ ಕೂದಲೆಳೆಯಷ್ಟು ಗಾಢವಾದ ಒಂದು ಹೆಬ್ಬೆರಳಿನ ಗೆರೆ ಕಂಡಿತು. ಅವನ ಮುಂಗೈ ಊರಿದ್ದು ಅದರ ಮೇಲೆಯೇ.